ಬೀಪ್ ಕೇಳಿ ಗುಂಡಿ ಒತ್ತುವ ಪ್ರಯೋಗ: ಅಳತೆ ಯಾಕೆ ಏರುಪೇರು?

ಪ್ರಶ್ನೆ (ತೀರ್ಥಹಳ್ಳಿಯಿಂದ): ಪಿಯುಸಿ ಮಕ್ಕಳ ಪ್ರಾಜೆಕ್ಟ್ ಸರ್. ಲ್ಯಾಪ್‌ಟಾಪಿನ ಬೀಪ್ ಕೇಳಿದ ಕೂಡಲೇ ಸ್ಪೇಸ್‌ಬಾರ್ ಒತ್ತಬೇಕು. ಬ್ಲೂಟೂತ್ ಇಯರ್‌ಫೋನ್ ಬಳಸಿದ್ದೇವೆ. ಜೋರು ಸದ್ದಿಗೂ ಒಮ್ಮೆ 290, ಇನ್ನೊಮ್ಮೆ 380 ಮಿಲಿಸೆಕೆಂಡ್ ಬರುತ್ತಿದೆ. ಪುಸ್ತಕದಲ್ಲಿ 150ರ ಆಸುಪಾಸು ಅಂತಿದೆ.

ಉತ್ತರ: ಮೊದಲು ಬ್ಲೂಟೂತ್ ತೆಗೆದಿಡಿ. ಅದರಲ್ಲೇ 100–200 ಮಿ.ಸೆ. ಹೋಗುತ್ತದೆ, ಅದೂ ಪ್ರತಿಸಲ ಒಂದೇ ಅಲ್ಲ. ತಡ ಸ್ಥಿರವಾಗಿದ್ದರೆ ಕಳೆದುಬಿಡಬಹುದಿತ್ತು. ತಂತಿಯ ಇಯರ್‌ಫೋನ್ ಹಾಕಿದ ಮೇಲೂ ಯಂತ್ರವನ್ನು ನಂಬಬೇಡಿ: ಇಯರ್‌ಫೋನನ್ನು ಮೊಬೈಲ್ ಮೈಕಿನ ಹತ್ತಿರ ಹಿಡಿದು, ಬೀಪ್ ಮತ್ತು ಕೀ ಒತ್ತಿದ ಟಕ್ ಎರಡನ್ನೂ ರೆಕಾರ್ಡ್ ಮಾಡಿ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆದು ನಡುವಿನ ಅಂತರ ಅಳೆಯಿರಿ. ಪ್ರೋಗ್ರಾಂ ತೋರಿಸಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಯಂತ್ರದ ಪಾಲು. 20 ಸಲ ನೋಡಿ.

ಬೀಪ್ 1000 ಹರ್ಟ್ಸ್, 300 ಮಿ.ಸೆ. ಇರಲಿ. ಶುರುವಿನಲ್ಲಿ 10 ಮಿ.ಸೆ. ಸದ್ದನ್ನು ಮೆಲ್ಲಗೆ ಏರಿಸಿ. ಇಲ್ಲದಿದ್ದರೆ 'ಟಿಕ್' ಎನ್ನುವ ಸದ್ದು ಸೇರಿ, ಮಕ್ಕಳು ಅದಕ್ಕೇ ಒತ್ತುತ್ತಾರೆ. ಬೀಪುಗಳ ನಡುವೆ 1.5ರಿಂದ 4 ಸೆಕೆಂಡು, ಯಾವಾಗ ಬರುತ್ತದೆಂದು ಗೊತ್ತಾಗದ ಹಾಗೆ. ಐದರಲ್ಲೊಂದು ಸಲ ಬೀಪೇ ಬೇಡ. ಆಗಲೂ ಒತ್ತುವವರು ಊಹೆಯಿಂದ ಒತ್ತುತ್ತಿದ್ದಾರೆ ಎಂದರ್ಥ. 100 ಮಿ.ಸೆ.ಗಿಂತ ಕಡಿಮೆ ಬಂದದ್ದನ್ನು ಬಿಡಿ. ಸರಾಸರಿಯ ಬದಲು ಮಧ್ಯಾಂಕ (ಏರಿಕೆಯಲ್ಲಿ ಜೋಡಿಸಿದಾಗ ನಡುವೆ ಬರುವ ಅಂಕಿ) ತೆಗೆಯಿರಿ, ಯಾಕೆಂದರೆ ಗಮನ ತಪ್ಪಿದ ಒಂದೆರಡು ಸಲವೇ ಸರಾಸರಿಯನ್ನು ಎಳೆದುಬಿಡುತ್ತದೆ.

ನಿಜವಾದ ವಿಷಯ ಇರುವುದು ಸದ್ದು ತಗ್ಗಿಸಿದಾಗ. 10 ಡೆಸಿಬಲ್ ಅಂತರದ ನಾಲ್ಕು ಮಟ್ಟಗಳನ್ನು ಕಲಸಿ, ತಲಾ 40 ಸಲ ಕೊಡಿ. ಜೋರು ಮಟ್ಟಗಳ ನಡುವೆ ವ್ಯತ್ಯಾಸ ಅಲ್ಪ. ಕೇಳಿಯೂ ಕೇಳದಂಥ ಸದ್ದಿಗೆ ಸಮಯ ದಿಢೀರನೆ ಏರುತ್ತದೆ. ಸದ್ದಿನ ಮಟ್ಟಕ್ಕೆ ಎದುರಾಗಿ ಸಮಯವನ್ನು ನಕ್ಷೆಯಲ್ಲಿ ಬರೆದರೆ ಸಿಗುವ ಈ ಬಾಗುವ ಗೆರೆಯನ್ನು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆನ್ರಿ ಪಿಯೆರೋನ್ 1914ರಲ್ಲೇ ಸೂತ್ರವಾಗಿ ಬರೆದರು. ಮೆದುಳು 'ಸದ್ದು ಇದೆ' ಎಂದು ಒಪ್ಪಲು ಸಾಕಷ್ಟು ಸುಳಿವು ಕೂಡಿಸಬೇಕು. ಮೆಲುದನಿಯಲ್ಲಿ ಅದು ನಿಧಾನ.

ಮರುಪ್ರಶ್ನೆ: ಮಳೆ ಹಿಡಿದರೆ ತಗಡಿನ ಮಾಡಿನ ಸದ್ದಲ್ಲಿ ಎಲ್ಲ ಕೆಡುತ್ತದೆ. ಸಂಜೆ ಜೀರುಂಡೆ ಬೇರೆ.

ಉತ್ತರ: ಜೀರುಂಡೆಯ ಚಿಂತೆ ಕಡಿಮೆ. ಅದರ ದನಿ ಹಲವು ಸಾವಿರ ಹರ್ಟ್ಸ್‌ನಲ್ಲಿದೆ, ಒಂದು ಸದ್ದು ಹೆಚ್ಚಾಗಿ ಮುಚ್ಚುವುದು ತನ್ನ ಹತ್ತಿರದ ಸ್ವರಗಳನ್ನೇ. ಮಳೆ ಹಾಗಲ್ಲ, ಎಲ್ಲ ಕಂಪನಾಂಕಗಳನ್ನೂ ತುಂಬುತ್ತದೆ, 1000ವನ್ನೂ. ಮಳೆ ಜೋರಿದ್ದ ಹೊತ್ತಿನ ಅಳತೆಯನ್ನು ಒಣ ಹೊತ್ತಿನದರ ಜೊತೆ ಸೇರಿಸಲೇಬೇಡಿ. ಹಂಚಿನ ಮಾಡಿನ, ಕಿಟಕಿ ಮುಚ್ಚುವ ಒಳಕೋಣೆ ಸಿಕ್ಕರೆ ಒಳ್ಳೆಯದು.

ಮರುಪ್ರಶ್ನೆ: ನಿಧಾನ ಒತ್ತುವ ಮಗುವಿಗೆ ಕಿವಿ ಮಂದ ಅನ್ನಬಹುದೇ?

ಉತ್ತರ: ಬೇಡ ಮೇಡಂ. ಆ ಅಂಕಿಯಲ್ಲಿ ಬೆರಳು, ಗಮನ, ದಣಿವು ಎಲ್ಲ ಸೇರಿದೆ. ಬೇರೆಯವರಿಗೆಲ್ಲ ಸಲೀಸಾಗಿ ಕೇಳುವ ಬೀಪನ್ನೇ ಒಂದು ಮಗು ಮತ್ತೆಮತ್ತೆ ತಪ್ಪಿಸಿದರೆ ಶ್ರವಣ ತಜ್ಞರಲ್ಲಿ ಆಡಿಯೋಗ್ರಾಂ (ಕಿವಿ ಎಷ್ಟು ಮೆಲ್ಲನೆಯ ಸದ್ದು ಕೇಳುತ್ತದೆಂದು ತೋರಿಸುವ ಪರೀಕ್ಷೆ) ಮಾಡಿಸಿ.