ಬಾದಾಮಿ ಗುಡ್ಡಕ್ಕೆ 40 ಲೀಟರ್ ಬ್ಯಾಗ್ ಬೇಕಾ? ಲೈಟ್ ಯಾವುದು ತಗೊಳ್ಳಲಿ?

ಇಳಕಲ್_ಅಲೆಮಾರಿ: ಡಿಸೆಂಬರ್‌ನಲ್ಲಿ ಗೆಳೆಯರ ಜೊತೆ ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಕಾಲುದಾರಿ ಹಿಡಿದು ನಡೆಯಬೇಕು ಅಂತಿದ್ದೀನಿ. ನಸುಕಿನಲ್ಲೇ ಹೊರಟು ಮಧ್ಯಾಹ್ನಕ್ಕೆ ವಾಪಸ್. ಮುಂದಿನ ಮಳೆಗಾಲದಲ್ಲಿ ಖಾನಾಪುರ ಹತ್ತಿರದ ಜಾಂಬೋಟಿ ಕಡೆ ಹೋಮ್‌ಸ್ಟೇನಲ್ಲಿ ಒಂದು ರಾತ್ರಿ ಉಳಿಯೋ ಆಸೆಯೂ ಇದೆ. ಎರಡಕ್ಕೂ ಆಗಲಿ ಅಂತ 40 ಲೀಟರ್ ಬ್ಯಾಗ್ ನೋಡಿಟ್ಟಿದ್ದೀನಿ. ಲೈಟ್‌ಗೆ ಮೊಬೈಲ್ ಸಾಕಲ್ವಾ? ಇಲ್ಲಾಂದ್ರೆ ಆನ್‌ಲೈನ್‌ನಲ್ಲಿ 400 ರೂಪಾಯಿಗೆ '10,000 ಲುಮೆನ್' (ಲುಮೆನ್ ಅಂದ್ರೆ ಬೆಳಕಿನ ಅಳತೆ) ಹೆಡ್‌ಲ್ಯಾಂಪ್, ಅದೇ ಹಣೆಗೆ ಕಟ್ಟೋ ಲೈಟ್, ಇದೆ.

ಯಳ್ಳೂರು_ಗಡ: 40 ಬೇಡವೇ ಬೇಡ. ಜಾಗ ಇದ್ದರೆ ತುಂಬುತ್ತೇವೆ, ಅಷ್ಟೇ. ನೀವು ಬಿಟ್ಟರೂ ಮನೆಯಲ್ಲಿ ಬಿಡಲ್ಲ, ರೊಟ್ಟಿ ಜೊತೆ ಶೇಂಗಾ ಚಟ್ನಿ ಒಂದು ಡಬ್ಬಿ, ಉಪ್ಪಿನಕಾಯಿ ಇನ್ನೊಂದು ಡಬ್ಬಿ. ಅರ್ಧ ದಿನದ ನಡಿಗೆಗೆ 20 ಲೀಟರ್ ಧಾರಾಳ. ನೀರು, ಬುತ್ತಿ, ಟೋಪಿ, ತೆಳ್ಳನೆ ಜಾಕೆಟ್, ಲೈಟ್. ಮತ್ತೇನಿದೆ?

ಖಾನಾಪುರ_ಮಳೆ: ಅಣ್ಣಾ, ಇದನ್ನ ನಾನು ಒಪ್ಪಲ್ಲ. 3 ಲೀಟರ್ ನೀರು ಅಂದ್ರೆ ಅದೇ 3 ಕೆಜಿ. ಸಣ್ಣ ಬ್ಯಾಗ್‌ಗಳಲ್ಲಿ ಹೆಚ್ಚಿನವಕ್ಕೆ ಸೊಂಟದ ಬೆಲ್ಟ್ ಇರಲ್ಲ, ಇದ್ದರೂ ಬರೀ ಪಟ್ಟಿ. ಭಾರವೆಲ್ಲ ಹೆಗಲಿಗೆ. 30 ಲೀಟರ್‌ದು, ಒಳ್ಳೆ ಬೆಲ್ಟ್ ಇರೋದು ತಗೊಂಡರೆ ಎರಡೂ ಕಡೆ ನಡೆಯುತ್ತೆ. ಸಾಮಾನು ಕಮ್ಮಿ ಇದ್ದಾಗ ಬದಿಯ ಪಟ್ಟಿ ಎಳೆದು ಬಿಗಿ ಮಾಡಿಕೊಳ್ಳಿ.

ಇನ್ನೊಂದು. ನಮ್ಮ ಕಡೆ ಮಳೆಗೆ ರೇನ್ ಕವರ್ ನಂಬಬೇಡಿ. ಕವರ್ ಇರೋದು ಹೊರಗಡೆ. ನೀರು ಕತ್ತಿನಿಂದ ಇಳಿದು ಬೆನ್ನಿಗೂ ಬ್ಯಾಗ್‌ಗೂ ನಡುವೆ ಹರಿಯುತ್ತೆ, ಬೆನ್ನಿನ ಕಡೆಯಿಂದಲೇ ಬಟ್ಟೆ ಒದ್ದೆ. ಬ್ಯಾಗ್ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಇಟ್ಟು, ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿ. ಹತ್ತಿಪ್ಪತ್ತು ರೂಪಾಯಿ ಖರ್ಚು.

ಯಳ್ಳೂರು_ಗಡ: ಚೀಲದ ಮಾತು ಸರಿ. ಆದರೆ ಹೋಮ್‌ಸ್ಟೇನಲ್ಲಿ ಹಾಸಿಗೆ, ಊಟ ಎರಡೂ ಸಿಗುವಾಗ 30 ಯಾಕೆ? ಒಂದು ಜೊತೆ ಬಟ್ಟೆಗಾ? ಒಟ್ಟು ಐದಾರು ಕೆಜಿ ದಾಟದಿದ್ದರೆ ಬೆಲ್ಟ್ ಸುಮ್ನೆ ಬೆವರು.

ಬಾದಾಮಿ_ಮಾಸ್ತರ್: ಲೀಟರ್ ಲೆಕ್ಕ ನೀವಿಬ್ಬರೂ ಮಾಡಿಕೊಳ್ಳಿ 😀 ತಮ್ಮಾ, ಇಲ್ಲಿ ಮೊದಲು ಕೋತಿ ನೋಡ್ಕೋ. ಕೈಯಲ್ಲಿ ಕ್ಯಾರಿಬ್ಯಾಗ್ ಹಿಡಿದೆಯೋ, ಹೋಯಿತು. ಬದಿಯ ಜಾಳಿಗೆ ಜೇಬಿನಲ್ಲಿ ಬಾಟಲಿ, ಬಿಸ್ಕಿಟ್ ಇಟ್ಟರೂ ಅದೇ ಗತಿ. ಎಲ್ಲ ಒಳಗೆ, ಜಿಪ್ ಹಾಕಿ. ನೀರು ಕಮ್ಮಿ ಮಾಡಬೇಡ. ಬಂಡೆಗಲ್ಲು ಬಿಸಿಲಿಗೆ ಕಾದರೆ ಚಳಿಗಾಲದಲ್ಲೂ ಗಂಟಲು ಒಣಗುತ್ತೆ.

ಲೈಟ್ ವಿಷಯಕ್ಕೆ ಬರೋಣ. ಮೊಬೈಲ್ ಸಾಲದು. ನಸುಕಿನಲ್ಲಿ ಬಂಡೆ ಹತ್ತುವಾಗ ಎರಡೂ ಕೈ ಬೇಕು. ಜಾರಿ ಬಿದ್ದರೆ ಲೈಟ್, ಫೋನ್, ದಾರಿ ತೋರಿಸೋ ಮ್ಯಾಪ್ ಮೂರೂ ಒಟ್ಟಿಗೆ ಹೋಗುತ್ತವೆ. ಆ 10,000 ಲುಮೆನ್ ಮಾತ್ರ ಶುದ್ಧ ಸುಳ್ಳು. ಕಾರಿನ ಹ್ಯಾಲೊಜನ್ ಹೆಡ್‌ಲೈಟ್ ಬಲ್ಬೇ ಸುಮಾರು 1,000ದಿಂದ 1,500 ಲುಮೆನ್. ಹಣೆ ಮೇಲೆ ಅದರ ಹತ್ತು ಪಟ್ಟು, ಅದೂ 400 ರೂಪಾಯಿಗೆ? ಕಾಲುದಾರಿಗೆ 100 ಲುಮೆನ್ ಸಾಕು, ಆಗಾಗ ದೂರ ನೋಡೋಕೆ 200-300 ಇದ್ದರೆ ಆಯ್ತು.

ಡಬ್ಬಿ ಮೇಲಿನ ಗಂಟೆ ಲೆಕ್ಕವನ್ನೂ ಹುಷಾರಾಗಿ ಓದು. ಎಫ್‌ಎಲ್1 ಅನ್ನೋ ಟಾರ್ಚ್‌ಗಳ ಮಾನದಂಡದಲ್ಲಿ ಬೆಳಕು ಮೊದಲಿನ 10%ಗೆ ಇಳಿಯುವವರೆಗೂ ಲೆಕ್ಕ ಹಿಡಿಯುತ್ತಾರೆ. 300 ಲುಮೆನ್, 6 ಗಂಟೆ ಅಂತ ಬರೆದಿದ್ದರೆ ಆರೂ ಗಂಟೆ 300 ಅಂತಲ್ಲ. ಕೊನೆಗೆ ಸಿಗೋದು 30.

ಗೋಲಗುಮ್ಮಟದ_ಅಕ್ಕ: ಮಾಸ್ತರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಲೈಟ್‌ಗೆ ಲಾಕ್ ಇದೆಯಾ ನೋಡಿ. ಬ್ಯಾಗ್ ಒಳಗೆ ಬಟನ್ ಒತ್ತಿ ಹೋಗಿ, ಬೇಕಾದಾಗ ಬ್ಯಾಟರಿ ಖಾಲಿ ಆಗಿರುತ್ತೆ. ಎಎಎ ಸೆಲ್‌ದಾದರೆ ಒಂದು ಸೆಲ್ ಉಲ್ಟಾ ಹಾಕಿಟ್ಟರೂ ನಡೆಯುತ್ತೆ. ನನ್ನ ಮತ ಸೆಲ್ ಕಡೆಗೇ, ಹಳ್ಳಿ ಅಂಗಡಿಯಲ್ಲೂ ಸಿಗುತ್ತೆ.

ಬ್ಯಾಗ್‌ನಲ್ಲಿ ಲೀಟರ್‌ಗಿಂತ ಬೆನ್ನಿನ ಉದ್ದ ಮುಖ್ಯ. ನಮ್ಮಂಥ ಕುಳ್ಳಗಿನವರಿಗೆ ಉದ್ದ ಬ್ಯಾಗ್‌ನ ಬೆಲ್ಟ್ ಸೊಂಟ ಬಿಟ್ಟು ಕೆಳಗೆ ಕೂರುತ್ತೆ. ಅಂಗಡಿಯಲ್ಲಿ ನಾಲ್ಕು ನೀರಿನ ಬಾಟಲಿ ಹಾಕಿಸಿ, ಮೆಟ್ಟಿಲು ಹತ್ತಿ ಇಳಿದು ನೋಡಿ. ಖಾಲಿ ಬ್ಯಾಗ್ ಎಲ್ಲರಿಗೂ ಹಗುರವೇ.

ಖಾನಾಪುರ_ಮಳೆ: ಜಾಂಬೋಟಿ ಮಂಜಿನಲ್ಲಿ ಹೆಡ್‌ಲ್ಯಾಂಪ್ ಹಣೆ ಮೇಲಿದ್ದರೆ ಎದುರಿಗೆ ಬರೀ ಬಿಳಿ ಗೋಡೆ. ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತೆ. ತೆಗೆದು ಸೊಂಟದ ಹತ್ತಿರ ಕೈಯಲ್ಲಿ ಹಿಡಿಯಿರಿ. ಕಲ್ಲಿನ ನೆರಳು ಬೀಳುತ್ತೆ, ಗುಂಡಿ ಗೊತ್ತಾಗುತ್ತೆ. ಹಾಗಂತ ರಾತ್ರಿ ಕಾಡಿಗೆ ಇಳಿಯಬೇಡಿ ಮತ್ತೆ. ಭೀಮಗಡ ವನ್ಯಧಾಮ ಪಕ್ಕದಲ್ಲೇ ಇದೆ, ಕರಡಿ ಓಡಾಡೋ ಜಾಗ. ಬಾರಾಪೇಡೆ ಗುಹೆಯ ಅಪರೂಪದ ಬಾವಲಿಗಳ ಮುಖಕ್ಕೆ ಲೈಟ್ ಬಿಟ್ಟು ವಿಡಿಯೋ ಮಾಡೋ ಉಮೇದು ಬೇಡ.

ಇಳಕಲ್_ಅಲೆಮಾರಿ: ಆಯ್ತು, 40 ಕೈಬಿಟ್ಟೆ. 22 ಲೀಟರ್‌ದು, ಬೆಲ್ಟ್ ಇರೋದು ಹುಡುಕ್ತೀನಿ. ನಾಲ್ವರಿಗೆ ಎರಡು ಹೆಡ್‌ಲ್ಯಾಂಪ್ ಸಾಕಾ?

ಬಾದಾಮಿ_ಮಾಸ್ತರ್: ಸಾಲದು ತಮ್ಮಾ. ಹಿಂದಿನವನು ಲೈಟ್ ಬಿಟ್ಟರೆ ನಿನ್ನ ನೆರಳು ನಿನ್ನ ಹೆಜ್ಜೆ ಮೇಲೇ ಬೀಳುತ್ತೆ. ತಲೆಗೊಂದು.

ಖಾನಾಪುರ_ಮಳೆ: 22 ಅಂತೆ! ಜುಲೈನಲ್ಲಿ ಒದ್ದೆ ಬಟ್ಟೆ, ಒಣ ಬಟ್ಟೆ ಎರಡೂ ಅದರಲ್ಲಿ ಹೇಗೆ ತುಂಬ್ತೀರಿ ನೋಡ್ತೀನಿ.

ಯಳ್ಳೂರು_ಗಡ: ಒದ್ದೆ ಬಟ್ಟೆ ಮೈಮೇಲೆ ಇರುತ್ತಲ್ರೀ.