ಸರ್ವೋ ಪಿಐಡಿ ಟ್ಯೂನಿಂಗ್: ನಿಮ್ಮದು ಹೇಗೆ ಸರಿಹೋಯ್ತು?

ಹೊಸಮಿಲ್: ಹಳೆಯ ಮಿಲ್ಲಿಂಗ್ ಮಷಿನ್‌ಗೆ ಡಿಸಿ ಸರ್ವೋ ಕೂರಿಸಿ ಲಿನಕ್ಸ್‌ಸಿಎನ್‌ಸಿ ಎಂಬ ಮಷಿನ್ ನಡೆಸುವ ಸಾಫ್ಟ್‌ವೇರ್‌ನಲ್ಲಿ ಓಡಿಸುತ್ತಿದ್ದೇನೆ. ಎಕ್ಸ್ ಆಕ್ಸಿಸ್ ನಿಂತಲ್ಲೇ ಗುಂಯ್ ಅನ್ನುತ್ತದೆ. ಪಿಐಡಿಯ ಪಿ (ಎರರ್ ಎಷ್ಟಿದೆಯೋ ಅದಕ್ಕೆ ತಕ್ಕಂತೆ ತಳ್ಳುವ ನಂಬರ್) ಇಳಿಸಿದರೆ ಸದ್ದು ಹೋಗುತ್ತದೆ, ಆದರೆ ರಾಪಿಡ್‌ನಲ್ಲಿ, ಅಂದರೆ ಕೊರೆಯದೆ ಜೋರಾಗಿ ಓಡುವಾಗ, ಫಾಲೋಯಿಂಗ್ ಎರರ್ (ಹೇಳಿದ ಜಾಗಕ್ಕಿಂತ ತೀರಾ ಹಿಂದೆ ಬೀಳುವುದು) ಬಂದು ನಿಲ್ಲುತ್ತದೆ. ನೀವೆಲ್ಲ ಹೇಗೆ ಮಾಡಿದಿರಿ?

ಬಾಲ್‌ಸ್ಕ್ರೂ: ನಂಬರ್ ಮುಟ್ಟುವ ಮೊದಲು ಸ್ಪ್ಯಾನರ್ ಹಿಡಿಯಿರಿ. ನನ್ನ ಮಷಿನ್‌ನಲ್ಲಿ ಫೀಡ್‌ಬ್ಯಾಕ್ ಟೇಬಲ್ ಮೇಲಿನ ಲೀನಿಯರ್ ಸ್ಕೇಲಿನಿಂದ (ಟೇಬಲ್ ಇರುವ ಜಾಗ ನೇರವಾಗಿ ಅಳೆಯುವ ಪಟ್ಟಿ). ನಿಂತಾಗ ಟೇಬಲ್ ಅತ್ತ ಇತ್ತ ಹುಡುಕಾಡುತ್ತಿತ್ತು. ಕೇಬಲ್ ಬದಲಿಸಿದೆ, ಡ್ರೈವ್ ಬದಲಿಸಿದೆ. ಹೊಸ ಡ್ರೈವ್‌ನ ಔಟ್‌ಪುಟ್ ಸ್ಟೇಜ್ ಸುಟ್ಟೇ ಹೋಯಿತು. ಮತ್ತೊಂದು ತಂದೆ. ಕೊನೆಗೆ ಡಯಲ್ ಗೇಜ್ ಇಟ್ಟು ಟೇಬಲ್ ತಳ್ಳಿದರೆ ಮುಳ್ಳು ಓಡಿತು, ಮೋಟಾರ್ ಶಾಫ್ಟ್ ಅಲ್ಲಾಡಲಿಲ್ಲ. ಕಪ್ಲಿಂಗ್‌ನ ಗ್ರಬ್ ಸ್ಕ್ರೂ ಸಡಿಲ! ನಡುವೆ ಲೂಸ್ ಇದ್ದರೆ ಐ ಟರ್ಮ್ ಎರರ್ ಕೂಡಿಸುತ್ತಲೇ ಇರುತ್ತದೆ, ಮೋಟಾರ್ ಆ ಲೂಸ್ ದಾಟಿ ಅತ್ತ ನೂಕುತ್ತದೆ, ಆಮೇಲೆ ಇತ್ತ. ಯಾವ ನಂಬರೂ ಇದನ್ನು ಸರಿಮಾಡಲ್ಲ.

ಡ್ರೈವ್‌ರಿಪೇರಿ: ಡಿ (ಎರರ್ ಬದಲಾಗುವ ವೇಗ ನೋಡಿ ಓಲಾಟ ತಡೆಯುವ ನಂಬರ್) ಸೊನ್ನೆ ಮಾಡಿ, ಸಾಕು. ಒಳಗಿನಿಂದ ಹೊರಗೆ ಬನ್ನಿ: ಕರೆಂಟ್ ಲೂಪ್, ವೆಲಾಸಿಟಿ, ಆಮೇಲೆ ಪೊಸಿಷನ್. ಡ್ಯಾಂಪಿಂಗ್, ಅಂದರೆ ಓಲಾಟ ತಡೆಯುವುದು, ವೆಲಾಸಿಟಿ ಲೂಪ್‌ನ ಕೆಲಸ. ನನ್ನ ಹತ್ತಿರ ಬಂದ ಒಂದು ಮಷಿನ್‌ನಲ್ಲಿ ಟ್ಯಾಕೋ (ಮೋಟಾರ್ ವೇಗ ಅಳೆಯುವ ಪುಟ್ಟ ಜನರೇಟರ್) ಬ್ರಷ್ ಸವೆದಿತ್ತು. ಬ್ರಷ್ ಹಾಕಿ ಕಮ್ಯುಟೇಟರ್ ಒರೆಸಿದ ಮೇಲೆ ಮೊದಲು ನಡುಗುತ್ತಿದ್ದ ಅದೇ ಪಿಯಲ್ಲಿ ತಣ್ಣಗೆ ನಿಂತಿತು. ಮಿಕ್ಕ ಲ್ಯಾಗ್‌ಗೆ ಎಫ್‌ಎಫ್1 (ಎರರ್ ಬರುವ ತನಕ ಕಾಯದೆ ಬೇಕಾದ ವೇಗವನ್ನು ಔಟ್‌ಪುಟ್‌ಗೆ ಸೇರಿಸುವ ಫೀಡ್‌ಫಾರ್ವರ್ಡ್) ಇದೆಯಲ್ಲ. ಔಟ್‌ಪುಟ್ ಸೆಕೆಂಡಿಗೆ ಇಷ್ಟು ಮಿಮೀ ಎಂದು ಸ್ಕೇಲ್ ಆಗಿದ್ದರೆ ಅದು 1ರ ಆಸುಪಾಸು.

ಗರಗಸ: ಸುಮ್ನೆ ಎಲ್ಲರಿಗೂ ಡಿ ಸೊನ್ನೆ ಅನ್ನಬೇಡಿ ಸ್ವಾಮಿ. ನನ್ನದು ಟಾರ್ಕ್ ಮೋಡ್ ಡ್ರೈವ್, ಅದರೊಳಗೆ ವೆಲಾಸಿಟಿ ಲೂಪ್ ಇಲ್ಲ. ಅಲ್ಲಿ ಡಿ ತೆಗೆದರೆ ಮೋಟಾರ್ ಸ್ಪ್ರಿಂಗಿಗೆ ಕಟ್ಟಿದ ಗುಂಡಿನ ಹಾಗೆ ಓಲಾಡುತ್ತದೆ. ಗುಂಯ್ ಬರುವುದು ಎನ್‌ಕೋಡರಿನಿಂದ (ಮೋಟಾರ್ ಎಷ್ಟು ತಿರುಗಿತು ಎಂದು ಗೆರೆ ಎಣಿಸಿ ಹೇಳುವ ಸೆನ್ಸರ್). 500 ಗೆರೆಯದು, ನಾಲ್ಕು ಪಟ್ಟು ಎಣಿಸಿದರೆ ಸುತ್ತಿಗೆ 2000 ಕೌಂಟ್. 5 ಮಿಮೀ ಪಿಚ್‌ಗೆ ಒಂದು ಕೌಂಟ್ ಅಂದರೆ 0.0025 ಮಿಮೀ. ಲೂಪ್ 1 ಮಿಲಿಸೆಕೆಂಡಿನದು. ಒಂದೇ ಕೌಂಟ್ ಅಲ್ಲಾಡಿದರೂ ಡಿಗೆ ಅದು ಸೆಕೆಂಡಿಗೆ 2.5 ಮಿಮೀ ವೇಗ! 2500 ಗೆರೆಯದು ಹಾಕಿದೆ. ಅದಕ್ಕೆ ಮೋಟಾರಿನ ಹಿಂದಿನ ಕವರ್ ಕೊರೆಸಬೇಕಾಯಿತು, ಶಾಫ್ಟಿಗೆ ಬುಷ್ ಮಾಡಿಸಬೇಕಾಯಿತು, ಮೊದಲ ಬುಷ್ ಓರೆಯಾಗಿ ಬಂತು. ಆದರೂ ಈಗ ಸದ್ದಿಲ್ಲ.

ಡ್ರೈವ್‌ರಿಪೇರಿ: ಟಾರ್ಕ್ ಮೋಡ್ ಅಂತ ಮೊದಲೇ ಹೇಳಬೇಕಿತ್ತು ಅಲ್ವಾ?

ಗರಗಸ: ಕೇಳಿದ್ದು ನಾನಲ್ಲ. ಕೇಳಿದವರ ಡ್ರೈವ್ ಯಾವುದು ಅಂತ ನೀವು ವಿಚಾರಿಸಿದಿರಾ?

ಲೇತ್‌ಮನೆ: ಯಾರಾದರೂ ಝೀಗ್ಲರ್-ನಿಕೋಲ್ಸ್ ಟ್ಯೂನಿಂಗ್ ಸೂತ್ರ ಹೇಳುವ ಮೊದಲೇ ನಾನು ಬೇಡ ಅನ್ನುತ್ತೇನೆ. 1942ರ ಲೆಕ್ಕ. ಸಮನಾಗಿ ನಡುಗುವ ತನಕ ಪಿ ಏರಿಸಿ, ಅದರ 0.6 ಪಟ್ಟು ಇಡುವುದು. ಓವರ್‌ಶೂಟ್ (ಗುರಿ ದಾಟಿ ಹೋಗುವುದು) ಅದರ ಜೊತೆಗೇ ಬರುತ್ತದೆ. ನನ್ನ ಕೈಗೆ ಬಂದ ಲೇತನ್ನು ಹಿಂದಿನವರು ಹಾಗೇ ಟ್ಯೂನ್ ಮಾಡಿದ್ದರು. ಪ್ರತಿ ಶೋಲ್ಡರ್ (ವ್ಯಾಸ ಬದಲಾಗುವ ಮೆಟ್ಟಿಲು) ಬುಡದಲ್ಲಿ ಉಗುರಿಗೆ ಸಿಗುವ ಗೀರು. ಎಕ್ಸ್ 0.02 ಮಿಮೀ ದಾಟಿದರೆ ವ್ಯಾಸದಲ್ಲಿ 0.04 ಹೋಯಿತು, ಬೇರಿಂಗ್ ಸೀಟ್ ಎಲ್ಲಾ ಸ್ಕ್ರ್ಯಾಪ್. ಹಾಲ್‌ಸ್ಕೋಪ್‌ನಲ್ಲಿ (ಲಿನಕ್ಸ್‌ಸಿಎನ್‌ಸಿಯ ಗ್ರಾಫ್ ಪರದೆ) ಎರರ್ ಗೆರೆ ನೋಡುತ್ತಾ ಕೈಯಲ್ಲೇ ಮಾಡಿ.

ಬಾಲ್‌ಸ್ಕ್ರೂ: ಗೆರೆ ಚೆನ್ನಾಗಿ ಕಂಡರೆ ಜಾಬ್ ಚೆನ್ನಾಗಿರಬೇಕೆಂದಿಲ್ಲ. ಮೋಟಾರ್ ಎನ್‌ಕೋಡರ್‌ಗೆ ಟೇಬಲ್ ಎಲ್ಲಿದೆ ಅಂತ ಏನು ಗೊತ್ತು? ಸ್ಕೇಲ್ ಹಾಕಿ.

ಲೇತ್‌ಮನೆ: ಸ್ಕೇಲ್ ಒಂದನ್ನೇ ನಂಬಿದ್ದಕ್ಕೇ ನಿಮ್ಮ ಟೇಬಲ್ ಹುಡುಕಾಡಿದ್ದು. ವೇಗಕ್ಕೆ ಮೋಟಾರ್ ಎನ್‌ಕೋಡರ್, ಜಾಗಕ್ಕೆ ಸ್ಕೇಲ್. ಎರಡೂ ಬೇಕು.

ಗರಗಸ: ಅದಿರಲಿ, ಎಕ್ಸ್ ಮತ್ತು ವೈ ಪಿ ಬೇರೆ ಬೇರೆ ಇಟ್ಟು ವೃತ್ತ ಕೊರೆದವರು ಇದ್ದೀರಾ? ಎಫ್‌ಎಫ್1 ಇಲ್ಲದಿದ್ದರೆ ಲ್ಯಾಗ್ ಅಂದರೆ ವೇಗ ಭಾಗಿಸು ಪಿ. ಸೆಕೆಂಡಿಗೆ 50 ಮಿಮೀ, ಪಿ 50 ಇದ್ದರೆ ಪೂರ್ತಿ 1 ಮಿಮೀ ಹಿಂದೆ. ಎರಡರಲ್ಲೂ ಒಂದೇ ಲ್ಯಾಗ್ ಇದ್ದರೆ ವೃತ್ತ ಸ್ವಲ್ಪ ಚಿಕ್ಕದಾಗುತ್ತದೆ ಅಷ್ಟೆ. ಬೇರೆ ಬೇರೆ ಇದ್ದರೆ 45 ಡಿಗ್ರಿಗೆ ಓರೆಯಾದ ಮೊಟ್ಟೆ.

ಡ್ರೈವ್‌ರಿಪೇರಿ: ಎಫ್‌ಎಫ್1 ಹಾಕಿ ಅಂತ ನಾನು ಮೇಲೆಯೇ ಬರೆದಿದ್ದೇನೆ. ಓದಿದ ಮೇಲೆ ಮಾತಾಡಿ.