ಶೇರಿಂಗ್ ಮನೆ, ಒಂದೇ ರೂಮಿಗೆ ಎಸಿ: ಕರೆಂಟ್ ಬಿಲ್ ಹಂಚೋದು ಹೇಗೆ? (ಹಾಸನ)

ಸಾಲಗಾಮೆ ರೋಡ್ ಬಾಡಿಗೆದಾರ:
ಮೂರು ರೂಮಿನ ಮನೆ, ನಾಲ್ಕು ಜನ, ಒಂದೇ ಮೀಟರ್. ಗೃಹಜ್ಯೋತಿ ಇದೆ. ತಿಂಗಳಿಗೆ 120 ಯೂನಿಟ್ ಆಸುಪಾಸು ಬರ್ತಿತ್ತು, ಬಿಲ್ ಸೊನ್ನೆ. ಮಾರ್ಚ್‌ನಲ್ಲಿ ಒಬ್ಬರು ತಮ್ಮ ರೂಮಿಗೆ 1 ಟನ್ ಇನ್ವರ್ಟರ್ ಎಸಿ ಹಾಕಿಸಿದ್ರು. ಈ ಸಲ 248 ಯೂನಿಟ್, ಬಿಲ್ ಹತ್ತಿರ ಹತ್ತಿರ 2,000. ನಾಲ್ಕು ಪಾಲು ಮಾಡೋಣ ಅಂತಾರೆ ಅವರು, ಉಳಿದವರು ಒಪ್ತಿಲ್ಲ. ಸಾಲದ್ದಕ್ಕೆ ಔಟ್‌ಡೋರ್ ಯೂನಿಟ್ ಪಕ್ಕದ ರೂಮಿನ ಕಿಟಕಿ ಕೆಳಗೇ ಕೂತಿದೆ, ರಾತ್ರಿಯೆಲ್ಲ ಗುಂಯ್ ಅನ್ನುತ್ತೆ. ಓನರ್ "ನೀವೇ ಬಗೆಹರಿಸ್ಕೊಳ್ಳಿ" ಅಂದುಬಿಟ್ಟಿದ್ದಾರೆ. ನ್ಯಾಯವಾದ ಲೆಕ್ಕ ಯಾವುದು?

ಮೀಟರ್ ಬೋರ್ಡ್:
ಬರೀ ಯೂನಿಟ್ ಪ್ರಕಾರ ಪಾಲು ಹಾಕಿದ್ರೂ ತಪ್ಪಾಗುತ್ತೆ ಸಾರ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಉಚಿತ ಇರೋದು 2022-23ರ ಸರಾಸರಿಗೆ ಶೇ. 10 ಸೇರಿಸಿದಷ್ಟು. ಅದನ್ನ ದಾಟಿ 200ರ ಒಳಗಿದ್ರೆ ದಾಟಿದ ಯೂನಿಟ್‌ಗಷ್ಟೇ ದುಡ್ಡು. 200 ಮೀರಿತೋ, ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್, ಜೊತೆಗೆ ನಿಗದಿತ ಶುಲ್ಕ. ಅಂದ್ರೆ ಎಸಿ ಇಲ್ಲದಿದ್ರೆ ಉಳಿದ ಮೂವರು ಕಟ್ಟಬೇಕಾಗಿದ್ದದ್ದು ಸೊನ್ನೆ. 200 ದಾಟಿಸಿದವರೇ ಪೂರ್ತಿ ಕಟ್ಟಬೇಕು ಅನ್ನೋದು ನನ್ನ ಅಭಿಪ್ರಾಯ.

ಆದ್ರೆ ದಾಟಿಸಿದ್ದು ಎಸಿನೇ ಅಂತ ತೋರಿಸೋಕೆ ಸಬ್‌ಮೀಟರ್ (ಎಸಿ ಯೂನಿಟ್ ಮಾತ್ರ ಎಣಿಸೋ ಚಿಕ್ಕ ಮೀಟರ್) ಬೇಕು. ಸಿಂಗಲ್ ಫೇಸ್, 5-30 ಆಂಪ್ಸ್, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಾವಿರದ ಒಳಗೆ ಸಿಗುತ್ತೆ. ಎಸಿಯ ಎಂಸಿಬಿ (ಲೋಡ್ ಜಾಸ್ತಿಯಾದ್ರೆ ಟ್ರಿಪ್ ಆಗೋ ಸ್ವಿಚ್) ಆದ ಮೇಲೆ, ಎಸಿ ಸಾಕೆಟ್‌ಗೆ ಮುಂಚೆ ಕೂರಿಸಿ. ಫೇಸ್, ನ್ಯೂಟ್ರಲ್ ಎರಡೂ ಮೀಟರ್ ಮೂಲಕವೇ ಹಾದು ಹೋಗಬೇಕು. ನ್ಯೂಟ್ರಲನ್ನ ಬೇರೆ ಸರ್ಕ್ಯೂಟ್‌ನಿಂದ ಎಳೆದ್ರೆ ಎಷ್ಟೋ ಮೀಟರ್‌ಗಳಲ್ಲಿ ಅರ್ಥ್ ಲೈಟ್ (ಹೋದ ಕರೆಂಟ್ ಅದೇ ಮೀಟರ್ ಮೂಲಕ ವಾಪಸ್ ಬರ್ತಿಲ್ಲ ಅನ್ನೋ ಸೂಚನೆ) ಹತ್ತಿಕೊಳ್ಳುತ್ತೆ, ರೀಡಿಂಗ್ ಮೇಲೆ ಜಗಳ ಮತ್ತೆ ಶುರು.

ಹಾಕಿದ ದಿನವೇ ಎಲ್ಲರ ಎದುರು ಪರೀಕ್ಷೆ ಮಾಡಿ: ಎಸಿ ಪ್ಲಗ್ ತೆಗೆದು, ಅದೇ ಸಾಕೆಟ್‌ಗೆ 1000 ವ್ಯಾಟ್ ಇಸ್ತ್ರಿಪೆಟ್ಟಿಗೆ ಹಾಕಿ. ಮೀಟರ್ ಮೇಲೆ 3200 ಇಂಪಲ್ಸ್ (ಒಂದು ಯೂನಿಟ್‌ಗೆ ಅಷ್ಟು ಮಿನುಗು) ಅಂತ ಬರೆದಿದ್ರೆ ಕೆಂಪು ದೀಪ ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ವೋಲ್ಟೇಜ್ ಕಮ್ಮಿ ಇದ್ರೆ ಸ್ವಲ್ಪ ಇಳಿಯುತ್ತೆ, ಅದು ಮೀಟರ್ ತಪ್ಪಲ್ಲ.

ಹಾಸನದ ಕೆ.ಆರ್.ಪುರಂ ವಾಸಿ:
ಎಲ್ಲಾ ಎಸಿ ತಲೆಗೇ ಕಟ್ಟಬೇಡಿ. ಗೀಸರ್ ಲೆಕ್ಕ ಹಾಕಿದ್ದೀರಾ? 2000 ವ್ಯಾಟ್ ಗೀಸರ್, ಒಬ್ಬೊಬ್ಬರಿಗೆ 15 ನಿಮಿಷ ಅಂದ್ರೂ ನಾಲ್ವರಿಗೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಮೊದಲಿನ 120ರಲ್ಲಿ ಅರ್ಧ ಅದೇ. ಸ್ವಿಚ್ ಆಫ್ ಮಾಡದೆ ಡ್ಯೂಟಿಗೆ ಹೋಗೋರು ಒಬ್ಬರಿದ್ರೆ ಕೇಳಲೇಬೇಡಿ.

ಯಾರು ಕಟ್ಟಬೇಕು ಅಂತ ಕಿತ್ತಾಡೋ ಬದಲು 200 ದಾಟದ ಹಾಗೆ ನೋಡ್ಕೊಳ್ಳಿ. ನಿಮ್ಮ ಮನೆಯಲ್ಲಿ ಎಸಿಗೆ ಉಳಿಯೋದು ತಿಂಗಳಿಗೆ 80, ದಿನಕ್ಕೆ ಎರಡೂವರೆ ಯೂನಿಟ್. 1 ಟನ್ ಇನ್ವರ್ಟರ್ ಶುರುವಿನಲ್ಲಿ ಕಿಲೋವ್ಯಾಟ್ ಹತ್ತಿರ ಎಳೆದ್ರೂ ರೂಮ್ ತಣ್ಣಗಾದ ಮೇಲೆ 300-400 ವ್ಯಾಟ್‌ಗೆ ಇಳಿಯುತ್ತೆ. 26ಕ್ಕೆ ಇಟ್ಟು ಫ್ಯಾನ್ ಹಾಕಿದ್ರೆ ಐದು ಗಂಟೆ ಆರಾಮಾಗಿ ಬರುತ್ತೆ. 18ಕ್ಕೆ ಇಟ್ಟರೆ ಬೇಗ ತಣ್ಣಗಾಗಲ್ಲ, ಕಂಪ್ರೆಸರ್ ಇಳಿಯೋದೇ ಇಲ್ಲ ಅಷ್ಟೆ. ನಮ್ಮೂರಲ್ಲಿ ಏಪ್ರಿಲ್‌ನಲ್ಲೂ ನಡುರಾತ್ರಿ ಮೇಲೆ ಕಿಟಕಿ ತೆಗೆದ್ರೆ ಸಾಕು, ಎರಡು ಗಂಟೆಗೆ ಆಫ್ ಆಗೋ ಹಾಗೆ ಟೈಮರ್ ಇಡಿ. ಮಳೆ ಹಿಡಿದ ಮೇಲೆ ಈ ಜಗಳವೇ ಇರಲ್ಲ.

ಉಚಿತ ಮಿತಿಗೂ 200ಕ್ಕೂ ನಡುವಿನ ದುಡ್ಡು ಎಸಿಯವರದ್ದು. ಯೂನಿಟ್‌ಗೆ ತೆರಿಗೆ ಎಲ್ಲ ಸೇರಿ ಏಳು ರೂಪಾಯಿ ಹಿಡಿದ್ರೆ ಐನೂರು-ಚಿಲ್ಲರೆ. ರೀಡಿಂಗ್ ತಗೊಳ್ಳೋಕೆ ಬರೋ ತಾರೀಖಿಗೆ ನಾಲ್ಕು ದಿನ ಮುಂಚೆ ಮೇನ್ ಮೀಟರ್ ಫೋಟೋ ಗ್ರೂಪಿಗೆ ಹಾಕಿ. ಹಿಂದಿನ ರೀಡಿಂಗ್ ಕಳೆದು 185 ಯೂನಿಟ್ ಆಗಿದ್ರೆ ಆ ನಾಲ್ಕು ದಿನ ಎಸಿ ಬಂದ್. ಗೀಸರಿಗೂ ಅಷ್ಟೇ ಕಟ್ಟುನಿಟ್ಟು.

ಎಸಿ ಫಿಟ್ಟಿಂಗ್ ಹಾಸನ:
ಸದ್ದಿಗೆ ಮೊದಲು ಸ್ಟ್ಯಾಂಡ್ ನೋಡಿ. ಔಟ್‌ಡೋರಿನ ನಾಲ್ಕು ಕಾಲಿಗೂ ರಬ್ಬರ್ ಪ್ಯಾಡ್ ಇರಬೇಕು. ಇಲ್ಲದಿದ್ರೆ ಅದುರು ಗೋಡೆಗೆ ಹತ್ತಿ ಒಳಗಡೆ ಗುಂಯ್ ಅನ್ನುತ್ತೆ. ಹಿಂದೆ ಗೋಡೆಯಿಂದ ಒಂದಡಿ ಬಿಡಿ, ಮುಂದೆ ಎರಡು ಮೂರು ಅಡಿ ಖಾಲಿ ಇರಲಿ. ಕಿಟಕಿ ಕೆಳಗಿದ್ರೆ ಬಿಸಿಗಾಳಿ ಪಕ್ಕದವರ ರೂಮಿಗೇ ಹೋಗುತ್ತೆ. ಟೆರೇಸಿಗೆ ಎತ್ತಿಸೋದು ಒಳ್ಳೇದು. ಎಸಿ ಜೊತೆ ಸಾಮಾನ್ಯವಾಗಿ ಬರೋ ತಾಮ್ರದ ಪೈಪ್ 3 ಮೀಟರ್, ಅದಕ್ಕಿಂತ ಉದ್ದದ ಪೈಪಿನ ದುಡ್ಡು ಎಸಿಯವರೇ ಕೊಡಬೇಕು.

ಡ್ರೈನ್ ಪೈಪಿನ ತುದಿ ಬಕೆಟ್ ನೀರಲ್ಲಿ ಮುಳುಗದ ಹಾಗೆ ಬಿಡಿ. ಮುಳುಗಿದ್ರೆ ಗಾಳಿ ಕಟ್ಟಿ ನೀರು ವಾಪಸ್ ಬಂದು ಒಳಗಿನ ಗೋಡೆ ಮೇಲೆ ಇಳಿಯುತ್ತೆ. ಆಮೇಲೆ ಪೇಂಟ್ ಹೋಯ್ತು ಅಂತ ಓನರ್ ಎಲ್ಲರ ಅಡ್ವಾನ್ಸಿಂದ ಹಿಡೀತಾರೆ. ಗೋಡೆ ತೂತಿಗೂ ಓನರ್ ಒಪ್ಪಿಗೆಯನ್ನ ವಾಟ್ಸಾಪಲ್ಲಾದ್ರೂ ಬರೆಸಿಕೊಳ್ಳಿ.

ಸಾಲಗಾಮೆ ರೋಡ್ ಬಾಡಿಗೆದಾರ:
80 ಯೂನಿಟ್ ಮಾತಿಗೆ ಎಸಿಯವರು ಒಪ್ಪಿದ್ರು. ಈ ಸಲದ ಬಿಲ್‌ನಲ್ಲಿ ಮುಕ್ಕಾಲು ಭಾಗ ಅವರದ್ದು, ಗೀಸರ್ ಕಾರಣಕ್ಕೆ ಉಳಿದದ್ದು ನಮ್ಮದು. ಔಟ್‌ಡೋರ್ ಜಾಗ ಬದಲಿಸುವಾಗ ಗ್ಯಾಸ್ ಪೂರ್ತಿ ಹೊಸದಾಗಿ ತುಂಬಿಸಬೇಕಾ?

ಎಸಿ ಫಿಟ್ಟಿಂಗ್ ಹಾಸನ:
ಬೇಡ. ಕೂಲಿಂಗ್‌ನಲ್ಲಿ ಓಡ್ತಿರುವಾಗಲೇ ಸಣ್ಣ ಪೈಪಿನ ವಾಲ್ವನ್ನ ಅಲೆನ್ ಕೀಯಿಂದ (ಆರು ಮೂಲೆಯ ಸಣ್ಣ ಸ್ಪ್ಯಾನರ್) ಮುಚ್ಚಿ, ಗ್ಯಾಸೆಲ್ಲ ಔಟ್‌ಡೋರಿಗೆ ಸೇರಿದ ಮೇಲೆ ದಪ್ಪ ಪೈಪಿನದ್ದು ಮುಚ್ಚಿ, ತಕ್ಷಣ ಆಫ್ ಮಾಡ್ತಾರೆ. ಇದನ್ನ ಮೆಕ್ಯಾನಿಕ್ ಕೈಲೇ ಮಾಡಿಸಿ. ಮರುಜೋಡಿಸಿದ ಮೇಲೆ ಪೈಪಿಗೆ ವ್ಯಾಕ್ಯೂಮ್ ಹೊಡೀದೆ (ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ಹಾಕದೆ) ವಾಲ್ವ್ ತೆಗೆಯೋಕೆ ಬಿಡಬೇಡಿ. ಪೈಪ್ ಉದ್ದ ಆದಷ್ಟಕ್ಕೆ ಮಾತ್ರ ಸ್ವಲ್ಪ ಗ್ಯಾಸ್ ಸೇರಿಸಬೇಕಾಗಬಹುದು.